ಅಮೆರಿಕದ ಬಜೆಟ್ ಕೊರತೆಗೆ ಯಾವ ಪಕ್ಷ ಹೆಚ್ಚು ಹೊಣೆ?

ಎರಡೂ ಪಕ್ಷಗಳು ಹೊಣೆ. ಒಂದನ್ನೇ ದೂರಲು ಅಂಕಿಅಂಶಗಳು ಆಸ್ಪದ ಕೊಡುವುದಿಲ್ಲ. ಅಲ್ಲಿನ ಒಕ್ಕೂಟ ಸರ್ಕಾರದ ಖರ್ಚಿನ ದೊಡ್ಡ ಪಾಲು ವೃದ್ಧರ ಪಿಂಚಣಿಗೆ ಮತ್ತು ಆರೋಗ್ಯ ವಿಮೆಗೆ ಹೋಗುತ್ತದೆ. ಹಳೆಯ ಕಾನೂನುಗಳಂತೆ ವರ್ಷವರ್ಷ ತಾನಾಗಿಯೇ ಬೆಳೆಯುವ ಈ ವೆಚ್ಚಕ್ಕೆ ಸಾಲುವಷ್ಟು ತೆರಿಗೆ ವಿಧಿಸಲು ಯಾರೂ ಮುಂದಾಗದಿರುವುದೇ ಕೊರತೆಗೆ ಮುಖ್ಯ ಕಾರಣ. ರಿಪಬ್ಲಿಕನ್ನರು 2001 ಮತ್ತು 2017ರಲ್ಲಿ ತೆರಿಗೆ ಇಳಿಸಿದರು, ಡೆಮಾಕ್ರಟರು 2021ರಲ್ಲಿ 1.9 ಲಕ್ಷ ಕೋಟಿ ಡಾಲರ್‌ಗಳ ಕೋವಿಡ್ ಪರಿಹಾರ ಯೋಜನೆ ತಂದರು.

ಅಧ್ಯಕ್ಷರ ಅವಧಿಯನ್ನಷ್ಟೇ ನೋಡಿ ತೀರ್ಪು ಕೊಡುವುದಂತೂ ಅನ್ಯಾಯ. 2009ರ ಹಣಕಾಸು ವರ್ಷ ಆರಂಭವಾದದ್ದು ರಿಪಬ್ಲಿಕನ್ ಅಧ್ಯಕ್ಷ ಬುಷ್ ಆಡಳಿತದಲ್ಲಿ, 2008ರ ಅಕ್ಟೋಬರ್ 1ರಂದು. ಆರ್ಥಿಕ ಕುಸಿತದಿಂದ ತೆರಿಗೆ ಆದಾಯ ತಗ್ಗಿದ್ದರಿಂದಲೂ ಹಣಕಾಸು ಸಂಸ್ಥೆಗಳ ರಕ್ಷಣೆಗೆ ಖರ್ಚು ಏರಿದ್ದರಿಂದಲೂ, ಆ ವರ್ಷದ ಕೊರತೆ 1.2 ಲಕ್ಷ ಕೋಟಿ ಡಾಲರ್ ತಲುಪಲಿದೆ ಎಂದು ಅಲ್ಲಿನ ಸಂಸತ್ತಿನ ಬಜೆಟ್ ಕಚೇರಿಯು ಡೆಮಾಕ್ರಟ್ ಪಕ್ಷದ ಒಬಾಮಾ ಅಧಿಕಾರ ವಹಿಸಿಕೊಳ್ಳುವ ಮೊದಲೇ ಅಂದಾಜಿಸಿತ್ತು.