ಲೈಟ್ ಹಚ್ಚದೆ ತಿನ್ನುವ ಊಟ

ತೂಕ ಇಳಿಸಲು ನನ್ನ ಹತ್ತಿರ ಸಲಹೆಗೆ ಬಂದ ಇವರನ್ನು ಶೋಭಾ ಅನ್ನೋಣ. ಹೆಸರು, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ವಯಸ್ಸು ಮೂವತ್ತೈದರ ಆಸುಪಾಸು. ಬಾಗಲಕೋಟೆಯ ನವನಗರದಲ್ಲಿ ಅತ್ತೆ, ಗಂಡ, ಇಬ್ಬರು ಮಕ್ಕಳ ಜೊತೆ ಇದ್ದಾರೆ. ಎತ್ತರ 156 ಸೆಂಟಿಮೀಟರ್, ತೂಕ 78 ಕಿಲೋ. ಅಂದರೆ ಬಿಎಂಐ, ಎತ್ತರಕ್ಕೆ ತೂಕ ಎಷ್ಟಿದೆ ಎಂಬ ಅಳತೆ, 32. ನಮ್ಮಲ್ಲಿ 23 ಮುಟ್ಟಿದರೆ ತೂಕ ಜಾಸ್ತಿ, 25 ಮುಟ್ಟಿದರೆ ಬೊಜ್ಜು ಎಂದು ವೈದ್ಯರು ಲೆಕ್ಕ ಹಿಡಿಯುತ್ತಾರೆ. ಯುರೋಪ್, ಅಮೆರಿಕದಂಥ ದೇಶದವರಿಗೆ ಬೊಜ್ಜಿನ ಗೆರೆ 30. ನಮ್ಮವರಿಗೆ ಕಡಿಮೆ ತೂಕದಲ್ಲೇ ಹೊಟ್ಟೆ ಬರುತ್ತದೆ, ಶುಗರ್ ಕೂಡ ಬೇಗ ಬರುತ್ತದೆ. ಅದಕ್ಕೇ ಈ ವ್ಯತ್ಯಾಸ.

ಡಾಕ್ಟರ್ ಆಗಲೇ ಥೈರಾಯ್ಡ್ ನೋಡಿದ್ದರು, ಸರಿ ಇತ್ತು. ಹೆಂಗಸರಲ್ಲಿ ಹಾರ್ಮೋನ್ ಏರುಪೇರು ಮಾಡುವ ಪಿಸಿಒಎಸ್ ಇರಲಿಲ್ಲ. ತೂಕ ಹೆಚ್ಚಿಸುವ ಸ್ಟೀರಾಯ್ಡ್‌ನಂಥ ಮಾತ್ರೆಗಳನ್ನೂ ತಗೊಳ್ಳುತ್ತಿರಲಿಲ್ಲ. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಟೆಸ್ಟ್) ಮಾತ್ರ 6.0 ಬಂದಿತ್ತು. 5.7ರಿಂದ 6.4ರವರೆಗೆ ಇದ್ದರೆ ಶುಗರ್ ಬಾಗಿಲಲ್ಲಿ ನಿಂತಿದೆ ಅಂತ ಅರ್ಥ.

ನನ್ನ ಹತ್ತಿರ ಬರುವ ಮೊದಲು ಶೋಭಾ ಪುಡಿ ಕಲಸಿ ಕುಡಿದು, ರಾತ್ರಿ ಊಟ ಬಿಟ್ಟು, 9 ಕಿಲೋ ಇಳಿಸಿದ್ದರು. ವರ್ಷದೊಳಗೆ 12 ಕಿಲೋ ಏರಿತು. ಇದು ಅವರ ಸೋಮಾರಿತನ ಅಲ್ಲ. ಅವಸರದಲ್ಲಿ ತೂಕ ಇಳಿಸಿದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ, ದೇಹ ಖರ್ಚು ಕಡಿಮೆ ಮಾಡುತ್ತದೆ. ಹೊಟ್ಟೆ ತುಂಬಿತು ಎಂದು ಹೇಳುವ ಲೆಪ್ಟಿನ್ ಇಳಿದು, ಹಸಿವು ಎಬ್ಬಿಸುವ ಗ್ರೆಲಿನ್ ಏರುತ್ತದೆ. ಇದನ್ನು ಪುಡಿ ಮಾರುವವರು ಹೇಳುವುದಿಲ್ಲ.

ಎರಡನೇ ಭೇಟಿಯಲ್ಲಿ, ನಿನ್ನೆ ತಿಂದದ್ದನ್ನೆಲ್ಲ ಹೇಳಿ ಎಂದೆ. ಬೆಳಿಗ್ಗೆ ಅರ್ಧ ತಾಟು ಅವಲಕ್ಕಿ. ಮಧ್ಯಾಹ್ನ ಒಂದೂವರೆ ರೊಟ್ಟಿ, ಪಲ್ಯ. ರಾತ್ರಿ ಒಂದು ಚಪಾತಿ, ಸ್ವಲ್ಪ ಅನ್ನ. ಚಹಾ ಐದು ಸಲ. ಇಷ್ಟೇ ತಿಂದವರ ತೂಕ ಹೀಗೆ ಏರುವುದಿಲ್ಲ. ಇಂಥ ಹೊತ್ತಿನಲ್ಲಿ "ನಿಜ ಹೇಳ್ರಿ, ಇನ್ನೇನು ತಿಂತೀರಿ?" ಎಂದು ಕೇಳುವ ಕೋಚ್‌ಗಳನ್ನು ನಾನು ನೋಡಿದ್ದೇನೆ. ಹಾಗೆ ಕೇಳಿದ ದಿನವೇ ಎದುರಿಗಿದ್ದವರು ಮುಚ್ಚಿಕೊಂಡುಬಿಡುತ್ತಾರೆ. ನಾನು ಬೇರೆ ಕೇಳಿದೆ.

"ನೀವು ಊಟಕ್ಕೆ ಕುಂತಾಗ ಪಕ್ಕದಲ್ಲಿ ಯಾರಿರ್ತಾರೆ?"

ಬಹಳ ಹೊತ್ತು ಸುಮ್ಮನಿದ್ದರು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

"ಎಲ್ಲಾರೂ ಇರ್ತಾರ್ರಿ ಮೇಡಂ. ನಾ ಉಣ್ಣಾಕ ಕುಂತ್ರ ಮಾತ ನಿಂತ ಬಿಡ್ತಾವ. ಎರಡನೇ ರೊಟ್ಟಿಗೆ ಕೈ ಹಾಕಿದ್ರ ನಮ್ಮತ್ತಿ ನಮ್ಮ ಮನಿಯವರ ಮಾರಿ ನೋಡ್ತಾರ. ಸಣ್ಣ ಮಗಾ ಅಂತೂ 'ಮಮ್ಮಿ, ಸಾಕು' ಅಂತಾನ. ಅದಕ್ಕ ಅರ್ಧಕ್ಕ ಏಳ್ತೀನಿ."

"ಆಮೇಲೆ?"

"ಹನ್ನೊಂದಕ್ಕ ಎಲ್ಲಾರೂ ಮಲಗಿದ ಮ್ಯಾಲೆ ಅಡಿಗಿ ಮನಿಗೆ ಹೋಗ್ತೀನ್ರಿ. ಲೈಟ್ ಹಚ್ಚೂದಿಲ್ಲ. ನಿಂತಗೊಂಡ ತಿಂತೀನಿ. ಎಷ್ಟ ತಿಂತೀನಿ ನನಗೂ ಗೊತ್ತಾಗೂದಿಲ್ಲ."

ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೇಲೆ ಎಣ್ಣೆ. ಡಬ್ಬಿಯಲ್ಲಿದ್ದರೆ ಶೇಂಗಾ ಉಂಡಿ, ಚೂಡಾ. ಸುಮ್ನೆ ಲೆಕ್ಕ ಹಾಕಿದರೂ ಒಂದು ರಾತ್ರಿಗೆ 700 ಕ್ಯಾಲೊರಿ. ಮಲಗುವುದು ಹನ್ನೆರಡೂವರೆಗೆ, ಏಳುವುದು ಐದಕ್ಕೆ. ನಿದ್ದೆ ಕಡಿಮೆಯಾದವರಿಗೆ ಮರುದಿನ ಹಸಿವು ಜಾಸ್ತಿ, ಅದೂ ಸಿಹಿ ಮತ್ತು ಕರಿದದ್ದರ ಮೇಲೆ. ಹಗಲೆಲ್ಲ ಅರೆಹೊಟ್ಟೆ, ರಾತ್ರಿ ತಡೆಯಲಾಗದ ಹಸಿವು, ಬೆಳಿಗ್ಗೆ ನಾಚಿಕೆ, ಮತ್ತೆ ಅರೆಹೊಟ್ಟೆ. ಇದು ಎಷ್ಟೋ ಮನೆಗಳಲ್ಲಿ ನಡೆಯುತ್ತಿದೆ.

ಹಿಡಿತ ತಪ್ಪಿ ಒಮ್ಮೆಲೇ ತಿನ್ನುವುದು ವಾರಕ್ಕೊಮ್ಮೆಯಾದರೂ ಮೂರು ತಿಂಗಳು ನಡೆದರೆ ಅದು ಬಿಂಜ್ ಈಟಿಂಗ್ ಡಿಸಾರ್ಡರ್ ಎಂಬ ಕಾಯಿಲೆ ಇರಬಹುದೇ ಎಂದು ಪರೀಕ್ಷಿಸಬೇಕು. ಹಾಗಾಗಿ ಮೊದಲು ಮನೋವೈದ್ಯರ ಹತ್ತಿರ ಕಳಿಸಿದೆ. "ನನಗೇನ್ ಹುಚ್ಚರಿ?" ಎಂದು ಕೇಳಿದರು. ಬಿಪಿ ಬಂದರೆ ಡಾಕ್ಟರ್ ಹತ್ತಿರ ಹೋಗುವುದಿಲ್ಲವೇ ಎಂದೆ. ಹೋದರು.

ಶೋಭಾ ಒಪ್ಪಿದ ಮೇಲೆ ಅತ್ತೆಯನ್ನೂ ಗಂಡನನ್ನೂ ಕರೆಸಿದೆ. ರಾತ್ರಿಯ ವಿಷಯ ಎತ್ತಲಿಲ್ಲ, ಅದು ಶೋಭಾ ಅವರದೇ ಗುಟ್ಟು. ಅತ್ತೆ ಕೆಟ್ಟವರೇನಲ್ಲ. "ನಾವೇನ ಬೈಯೂದಿಲ್ರಿ. ನಾಳೆ ಶುಗರ್ ಬಂದ್ರ ಹೆಂಗ ಅಂತ ಚಿಂತಿ. ಹಳೇ ಊರಾಗಿದ್ದಾಗ ನಾವು ನಾಕ ನಾಕ ರೊಟ್ಟಿ ಉಣ್ತಿದ್ವಿ, ಯಾರಿಗೂ ಹೊಟ್ಟಿ ಬಂದಿರ್ಲಿಲ್ಲ" ಎಂದರು. ಆಲಮಟ್ಟಿ ಹಿನ್ನೀರಿಗೆ ಹೊಲ ಹೋದ ಕುಟುಂಬ ಅದು. ಕಸ ಕೀಳುವುದು, ಮೇವು ಹೊರುವುದು, ನೀರು ತರುವುದು ಎಲ್ಲ ನೀರಿನ ಪಾಲಾಯಿತು. ಈಗ ಮನೆಯೊಳಗೆ ನಲ್ಲಿ, ಮಿಕ್ಸರ್, ಬಾಗಿಲಿಗೆ ಸ್ಕೂಟಿ. ನಾಲ್ಕು ರೊಟ್ಟಿ ಕರಗಿಸುತ್ತಿದ್ದ ದುಡಿಮೆಯೇ ಇಲ್ಲ. ಇದನ್ನು ಸೊಸೆಯ ನಾಲಿಗೆಯ ಮೇಲೆ ಹೊರಿಸಿದರೆ ಹೇಗೆ?

ಟೇಪು ತೆಗೆದು ಮೂವರ ಸೊಂಟವನ್ನೂ ಅಳೆದೆ. ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರ್ ದಾಟಬಾರದು. ಮೂವರೂ ದಾಟಿದ್ದರು, ಗಂಡ ನೂರರ ಮೇಲಿದ್ದರು. "ಹಂಗಾರ ನಂದೂ ಐತಿ ಅನ್ರಿ" ಎಂದು ಅತ್ತೆ ನಕ್ಕರು. ಗಂಡ ನಗಲಿಲ್ಲ. ಆ ಮನೆಯಲ್ಲಿ ಅವರ ತಾಟನ್ನು ಯಾರೂ ನೋಡುವುದಿಲ್ಲ, ಗಮನಿಸಿ.

ನನ್ನ ಮೊದಲ ಸಲಹೆ ಮನೆಯವರಿಗೆ. ಮೂರು ತಿಂಗಳು ಯಾರ ಊಟದ ಬಗ್ಗೆಯೂ, ಮೈಯ ಬಗ್ಗೆಯೂ ಮಾತಿಲ್ಲ. ಹೊಗಳಿಕೆಯೂ ಬೇಡ. ಮಕ್ಕಳಿಗೂ ಇದೇ. ಗಂಡ ಸಿಟ್ಟಾದರು. "ತೂಕ ಇಳಸ್ರಿ ಅಂತ ಕರ್ಕೊಂಡ ಬಂದ್ರ, ನಮಗ ಬಾಯಿ ಮುಚ್ಚಗೊಂಡಿರ್ರಿ ಅಂತೀರಲ್ಲ ಮೇಡಂ?"

ನನ್ನ ಜೊತೆ ಕೆಲಸ ಮಾಡುವ ಕೆಲವರೂ ಇದನ್ನೇ ಹೇಳುತ್ತಾರೆ, ನಾನು ಬಹಳ ಮೆತ್ತಗೆ ಅಂತ. ತಿಂದದ್ದು ಖರ್ಚಿಗಿಂತ ಜಾಸ್ತಿಯಾದರೆ ತೂಕ ಏರುತ್ತದೆ, ಅಷ್ಟೇ ಅಂತ. ಲೆಕ್ಕ ನಿಜ, ನಾನು ಅಲ್ಲಗಳೆಯುವುದಿಲ್ಲ. ಆದರೆ ಕತ್ತಲಲ್ಲಿ ತಿಂದದ್ದು ಯಾವ ಲೆಕ್ಕಕ್ಕೂ ಸಿಗುವುದಿಲ್ಲ ಅಲ್ವಾ? ತೂಕದ ಬಗ್ಗೆ ಚುಚ್ಚಿಸಿಕೊಂಡವರು ಇನ್ನೂ ಜಾಸ್ತಿ ತಿನ್ನುತ್ತಾರೆ, ವಾಕಿಂಗ್ ಹೋಗಲೂ ನಾಚುತ್ತಾರೆ, ಡಾಕ್ಟರ್ ಹತ್ತಿರ ಹೋಗುವುದನ್ನೂ ಮುಂದಕ್ಕೆ ಹಾಕುತ್ತಾರೆ. ಅಧ್ಯಯನಗಳೂ ಇದನ್ನೇ ತೋರಿಸಿವೆ. ಮೊದಲು ಊಟ ಬೆಳಕಿಗೆ ಬರಬೇಕು. ಕಡಿಮೆ ಮಾಡುವ ಮಾತು ಆಮೇಲೆ.

ಶೋಭಾಗೆ ಹೇಳಿದ್ದು ಹೀಗೆ. ಎಲ್ಲರ ಜೊತೆ ಕೂತು ಎರಡು ರೊಟ್ಟಿ ಉಣ್ಣಿ. ರೊಟ್ಟಿ ಬಿಡುವುದು ಬೇಡ, ಜೊತೆಗೆ ಕಾಳು ಪಲ್ಯ, ಹಸಿ ಮೆಂತ್ಯ ಸೊಪ್ಪು, ಹತ್ತರಕಿ ಸೊಪ್ಪು, ಮೂಲಂಗಿ, ಮಜ್ಜಿಗೆ ಜಾಸ್ತಿ ಇರಲಿ. ನಮ್ಮ ಹಳೇ ತಾಟೇ ಅದು. ಸಂಜೆ ಐದಕ್ಕೆ ಮೊಳಕೆ ಕಾಳು ಅಥವಾ ಒಂದು ಮುಟಗಿ ಹುರಿದ ಶೇಂಗಾ, ಎಲ್ಲರೆದುರೇ. ಸಂಜೆ ತಿಂದವರಿಗೆ ರಾತ್ರಿಯ ಹಸಿವು ಅಷ್ಟು ಕಾಡುವುದಿಲ್ಲ. ಐದು ಚಹಾಕ್ಕೆ ಎರಡೆರಡು ಚಮಚದಂತೆ ದಿನಕ್ಕೆ 50 ಗ್ರಾಂ ಸಕ್ಕರೆ, 200 ಕ್ಯಾಲೊರಿ ಹೋಗುತ್ತಿತ್ತು. ಚಹಾ ಎರಡಕ್ಕೆ ಇಳಿಸಿ, ಸಕ್ಕರೆ ಅರ್ಧ ಮಾಡಲು ಹೇಳಿದೆ. ವಾರಕ್ಕೆ 150 ನಿಮಿಷ ಚುರುಕಾದ ನಡಿಗೆ. ನವನಗರದ ಸೆಕ್ಟರ್ ರಸ್ತೆಗಳು ಅಗಲವಾಗಿವೆ, ಬೇಸಿಗೆಯಲ್ಲಿ ಮಾತ್ರ ಬೆಳಿಗ್ಗೆ ಏಳರೊಳಗೆ ಮುಗಿಸಬೇಕು. ತೂಕದ ಯಂತ್ರ ಅಟ್ಟಕ್ಕೆ. ಹದಿನೈದು ದಿನಕ್ಕೊಮ್ಮೆ ಕ್ಲಿನಿಕ್ಕಿನಲ್ಲೇ ನೋಡುವುದು.

ಮದುವೆಯೊಂದರಲ್ಲಿ ಅತ್ತೆ ಬಾಯಿ ತಪ್ಪಿ "ಹೋಳಿಗಿ ಸಾಕಲ್ಲ" ಅಂದರಂತೆ. ಅವತ್ತು ರಾತ್ರಿ ಶೋಭಾ ಮತ್ತೆ ಅಡಿಗೆ ಮನೆಗೆ ಹೋದರು. ಆದರೆ ಈ ಸಲ ಲೈಟ್ ಹಚ್ಚಿ, ಕೂತು ತಿಂದೆ ಎಂದರು. ನಾನು ಅದನ್ನು ಸೋಲು ಎಂದು ಬರೆದುಕೊಳ್ಳಲಿಲ್ಲ.

ಆರು ತಿಂಗಳಿಗೆ ತೂಕ 73.5 ಕಿಲೋ, ಎಚ್‌ಬಿಎ1ಸಿ 5.6. "ಇಷ್ಟನ?" ಎಂದರು ಗಂಡ. ತೂಕದಲ್ಲಿ ನೂರಕ್ಕೆ ಐದು ಪಾಲು ಇಳಿದರೂ ಬಿಪಿ, ಶುಗರ್ ಸುಧಾರಿಸುತ್ತವೆ, ಇವರು ಅದನ್ನು ದಾಟಿದ್ದಾರೆ ಎಂದೆ. ಅತ್ತೆಗೂ ಶುಗರ್ ಟೆಸ್ಟ್ ಆಯಿತು, ಈಗ ಸೊಸೆಯ ಜೊತೆ ವಾಕಿಂಗ್ ಹೋಗುತ್ತಾರೆ. ಗಂಡನಿಗೆ ಬರೆದುಕೊಟ್ಟ ಟೆಸ್ಟ್ ಚೀಟಿ ಇನ್ನೂ ಜೇಬಿನಲ್ಲೇ ಇದೆ. ಕೇಳಿದರೆ, "ನಂಗೇನಾಗೈತ್ರಿ ಮೇಡಂ?" ಅನ್ನುತ್ತಾರೆ.