ಎಪಾಕ್ಸಿ ಅಂಟುತ್ತಿದೆಯೇ? ಹಾರ್ಡನರ್ ಜಾಸ್ತಿ ಹಾಕಬೇಡಿ

ಪ್ರಶ್ನೆ: ದೋಣಿಯ ಮರದ ಡೆಕ್ಕಿಗೆ ಎಪಾಕ್ಸಿ ಬಳಿಸಿದೆವು. ಮೂರು ದಿನವಾದರೂ ಕೈಗೆ ಅಂಟುತ್ತಿದೆ. ಮುಂದಿನ ಕೋಟಿಗೆ ಹಾರ್ಡನರ್ ಡಬಲ್ ಹಾಕಿ ಅಂತಾರೆ. ಹಾಕಬಹುದಾ?
– ಓದುಗರು, ಮಲ್ಪೆ

ಬೇಡವೇ ಬೇಡ. ಎಪಾಕ್ಸಿ ಅಂದರೆ ರೆಸಿನ್ ಎಂಬ ಅಂಟು ದ್ರವಕ್ಕೆ, ಅದನ್ನು ಗಟ್ಟಿ ಮಾಡುವ ಹಾರ್ಡನರ್ ಕಲಸಿ ಬಳಿಯುವ ಲೇಪ. ಮಳೆ ಹತ್ತಿರ ಬಂದಾಗಲೆಲ್ಲ ಇದೇ ಪ್ರಶ್ನೆ ಬರುತ್ತದೆ. ಹೀಗೆ ಹೇಳಿಕೊಡುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ಫೈಬರ್ ದೋಣಿಗೆ ಸಾಮಾನ್ಯವಾಗಿ ಬಳಸುವುದು ಪಾಲಿಯೆಸ್ಟರ್ ರೆಸಿನ್. ಅದಕ್ಕೆ ಹಾರ್ಡನರ್ ನೂರಕ್ಕೆ ಒಂದೆರಡು ಪಾಲು. ಕೆಲಸ ಶುರು ಮಾಡಿಸುವುದಷ್ಟೇ ಅದರ ಪಾತ್ರ. ಸ್ವಲ್ಪ ಹೆಚ್ಚಾದರೆ ಬೇಗ ಗಟ್ಟಿಯಾಗುತ್ತದೆ. ಆ ಅಭ್ಯಾಸವನ್ನೇ ಎಪಾಕ್ಸಿಗೂ ತರುತ್ತಾರೆ. ಎಪಾಕ್ಸಿಯಲ್ಲಿ ಹಾರ್ಡನರ್ ಅಂದರೆ ಬಲೆಯ ಅರ್ಧ ನೂಲು. ರೆಸಿನ್ನಿನ ತುದಿಗಳಿಗೆ ಅದೇ ಗಂಟು ಬೀಳಬೇಕು. ಜಾಸ್ತಿ ಸುರಿದರೆ ಗಂಟು ಹಾಕಲು ತುದಿಯೇ ಸಿಗುವುದಿಲ್ಲ. ಮಿಕ್ಕಿದ್ದು ಒಳಗೇ ಉಳಿದು ನೀರು ಹೀರುತ್ತದೆ, ಪದರ ಮೆತ್ತಗಾಗುತ್ತದೆ. ಬಿಸಿ ಕೊಡದೆ ಒಣಗಿಸಿದ ಎಪಾಕ್ಸಿ, ಅಳತೆ ಸರಿಯಿದ್ದರೂ, ಸಾಮಾನ್ಯವಾಗಿ 50-60 ಡಿಗ್ರಿಯಲ್ಲೇ ಬಿಗಿ ಬಿಡತೊಡಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಗಾಢ ಬಣ್ಣದ ಡೆಕ್ ಅಷ್ಟು ಕಾಯುತ್ತದೆ, ಅಲ್ವಾ?

ಈಗ ಉಗುರು ಒತ್ತಿ ನೋಡಿ. ಮೇಲೆ ಮೇಣ ಸವರಿದಂತಿದ್ದು ಅಡಿ ಗಟ್ಟಿಯಿದ್ದರೆ, ಅದು ತೇವದ ಗಾಳಿಗೆ ಹಾರ್ಡನರ್ ಮೇಲೆ ಬಂದು ಕಟ್ಟಿದ ಪೊರೆ. ಮೊದಲು ನೀರು ಹಾಕಿ ಉಜ್ಜಿ ತೊಳೆಯಿರಿ. ಪೂರ್ತಿ ಒಣಗಿದ ಮೇಲೆ ಸ್ಯಾಂಡ್ ಪೇಪರ್ ಹಿಡಿಯಿರಿ, ಆಮೇಲೆ ಕೋಟ್. ಉಗುರು ಒಳಗೇ ಇಳಿದರೆ ಅಳತೆಯೋ ಕಲಸಿದ್ದೋ ತಪ್ಪಿದೆ. ಕೆರೆದು ತೆಗೆಯಿರಿ. ಅದರ ಮೇಲೆ ಬಳಿದದ್ದೂ ಎದ್ದು ಬರುತ್ತದೆ. ಡಬ್ಬಿಯ ಮೇಲಿನ ಅಳತೆ ತೂಕದ್ದೋ ಗಾತ್ರದ್ದೋ ನೋಡಿಕೊಳ್ಳಿ. ಎರಡೂ ಒಂದೇ ಅಲ್ಲ. ಕಣ್ಣಳತೆ ಬಿಟ್ಟುಬಿಡಿ.

ಪಾಲಿಯೆಸ್ಟರ್ ಕೆಲಸದವರೇ, ಕೋಬಾಲ್ಟ್ (ರೆಸಿನ್ ಬೇಗ ಗಟ್ಟಿಯಾಗಲು ಹಾಕುವ ದ್ರಾವಣ) ಮತ್ತು ಹಾರ್ಡನರ್ ಎರಡನ್ನೂ ನೇರವಾಗಿ ಬೆರೆಸಲೇಬೇಡಿ. ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಕೋಬಾಲ್ಟ್ ಮೊದಲು ರೆಸಿನ್ನಿಗೆ ಹೋಗಲಿ. ಚೆನ್ನಾಗಿ ಕಲಸಿದ ಮೇಲೆ ಹಾರ್ಡನರ್. ಪಕ್ಕದವರು ಹೇಗೆ ಮಾಡುತ್ತಾರೆ ಅಂತ ನನಗೆ ಹೇಳಬೇಡಿ.

ಪ್ರಶ್ನೆ: ಮುರಿದ ಕುಕ್ಕರ್ ಹಿಡಿಯನ್ನು ಕಾಯಿಸಿ ಅಂಟಿಸಬಹುದಾ? – ಕಾಪು

ಇಲ್ಲ. ಆ ಹಿಡಿ ಬೇಕಲೈಟ್ ಎಂಬ ಗಟ್ಟಿ ಪ್ಲಾಸ್ಟಿಕ್. ಅದು ಕರಗುವುದಿಲ್ಲ, ಸುಟ್ಟು ಕರಿಯಾಗುತ್ತದೆ. ಹೊಸ ಹಿಡಿ ತನ್ನಿ.

ಪ್ರಶ್ನೆ: ಎಕ್ಸ್‌ಎಲ್‌ಪಿಇ ಕೇಬಲ್ ಜಾಸ್ತಿ ಬಿಸಿ ತಾಳುತ್ತದಂತೆ. ತೋಟದ ಪಂಪಿಗೆ ಸಣ್ಣ ಸೈಜು ಸಾಕಾ? – ಮೂಡುಬಿದಿರೆ

ಸಾಲದು. ಎಕ್ಸ್‌ಎಲ್‌ಪಿಇ ಅಂದರೆ ತಂತಿಯ ಮೇಲಿನ ಒಂದು ಬಗೆಯ ಪ್ಲಾಸ್ಟಿಕ್ ಹೊದಿಕೆ (ಇನ್ಸುಲೇಶನ್). ಅದು 90 ಡಿಗ್ರಿ ತಾಳುತ್ತದೆ, ಸಾಮಾನ್ಯ ಪಿವಿಸಿ 70. ಆದರೆ ಸ್ಟಾರ್ಟರಿನ ಟರ್ಮಿನಲ್ಲೂ ಅಷ್ಟು ಬಿಸಿ ತಾಳಬೇಕಲ್ಲ? ಮೇಲಾಗಿ ತೆಳು ತಂತಿಯಲ್ಲಿ ದೂರದ ಪಂಪಿಗೆ ವೋಲ್ಟೇಜ್ ಇಳಿಯುತ್ತದೆ. ಸೈಜು ಇಳಿಸಬೇಡಿ.