ಅಮ್ಮನನ್ನು ಜೊತೆಗೆ ಕರೆತರಬೇಕೇ ಎಂದು ಕೇಳಿದವರಿಗೆ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬೆನ್ನುಹುರಿಗೆ ಪೆಟ್ಟಾದ ಮೇಲೆ ವೀಲ್‌ಚೇರಿನಲ್ಲಿಯೇ ಓಡಾಡುತ್ತಿರುವ ನಿಮಗೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ವಿಶ್ವವಿದ್ಯಾಲಯವೊಂದರಲ್ಲಿ ಸ್ನಾತಕೋತ್ತರ ಓದಿಗೆ ಸೀಟು ಸಿಕ್ಕಿದೆ. ಇಲ್ಲಿ ಒಬ್ಬರೇ ಬದುಕಲು ಸಾಧ್ಯವೇ, ಅಮ್ಮನನ್ನು ಜೊತೆಗೆ ಕರೆತರಬೇಕೇ, ಅಮೆರಿಕದಲ್ಲಿ ಅಂಗವಿಕಲರನ್ನೆಲ್ಲ ಸರ್ಕಾರವೇ ನೋಡಿಕೊಳ್ಳುತ್ತದೆ ಎಂದು ನೆಂಟರು ಹೇಳುತ್ತಿರುವುದು ನಿಜವೇ ಎಂದು ಕೇಳಿದ್ದೀರಿ. ಚಿಕ್ಕಂದಿನಲ್ಲೇ ಪೋಲಿಯೊ ತಗುಲಿ, ಇಲ್ಲಿಗೆ ಬಂದು ಎರಡು ದಶಕಗಳನ್ನು ದಾಟಿದ ನಾನು ಮೂರನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅದು ಸರಿಯಾಗಿ ತಿಳಿಯದಿದ್ದರೆ ಉಳಿದ ಎರಡಕ್ಕೆ ನಾನು ಏನು ಉತ್ತರ ಕೊಟ್ಟರೂ ನಿಮಗೆ ಉಪಯೋಗವಾಗಲಾರದು.

ಸರ್ಕಾರ ತನಗೆ ತೋಚಿದಂತೆ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ, ತೀವ್ರ ಅಂಗವೈಕಲ್ಯವಿದ್ದವರು ಇಲ್ಲಿ ಆಸ್ಪತ್ರೆಗಳಲ್ಲಿ, ನರ್ಸಿಂಗ್ ಹೋಮ್‌ಗಳಲ್ಲಿ, ಇಲ್ಲವೇ ಮನೆಯ ಒಳಕೋಣೆಯಲ್ಲಿ ಆಯುಷ್ಯ ಸವೆಸುತ್ತಿದ್ದರು. ಎಡ್ ರಾಬರ್ಟ್ಸ್ ಎಂಬವರಿಗೆ 1953ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ ಪೋಲಿಯೊ ಬಂದು ಕತ್ತಿನಿಂದ ಕೆಳಗೆ ಬಹುತೇಕ ಚಲನೆ ಇಲ್ಲದಂತಾಯಿತು. ರಾತ್ರಿ ಉಸಿರಾಡಲು ಸುಮಾರು 800 ಪೌಂಡ್ ತೂಕದ ಐರನ್ ಲಂಗ್ ಎಂಬ ಲೋಹದ ಯಂತ್ರದೊಳಗೆ ಮಲಗಬೇಕಾಯಿತು. ದೈಹಿಕ ಶಿಕ್ಷಣವನ್ನೂ ವಾಹನ ಚಾಲನೆಯ ತರಗತಿಯನ್ನೂ ಮುಗಿಸಿಲ್ಲವೆಂದು ಹೈಸ್ಕೂಲಿನವರು ಅವರ ಪ್ರಮಾಣಪತ್ರವನ್ನು ತಡೆಹಿಡಿದಾಗ, ತಾಯಿ ಜೋನಾ ಹೋರಾಡಿ ಅದನ್ನು ಕೊಡಿಸಿದರು. ಈತ ಎಂದೂ ದುಡಿಯಲಾರ ಎಂದು ರಾಜ್ಯದ ಪುನರ್ವಸತಿ ಇಲಾಖೆ ಓದಿನ ನೆರವನ್ನು ನಿರಾಕರಿಸಿತು. ಆದರೂ 1962ರಲ್ಲಿ ಅವರು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವನ್ನು ಸೇರಿದರು. ಆ ಯಂತ್ರದ ಭಾರವನ್ನು ತಡೆಯುವ ವಿದ್ಯಾರ್ಥಿನಿಲಯ ಒಂದೂ ಇಲ್ಲದ ಕಾರಣ ಆವರಣದ ಕವೆಲ್ ಆಸ್ಪತ್ರೆಯ ಕೋಣೆಯೇ ಅವರ ವಾಸಸ್ಥಾನವಾಯಿತು. ಅದು ಆಸ್ಪತ್ರೆಯ ವಾರ್ಡಾಗದೆ ತಮ್ಮ ಮನೆಯಾಗಿರಬೇಕೆಂಬುದು ಅವರ ಷರತ್ತು.

ಅವರ ಹಿಂದೆಯೇ ಅಂಥ ಇನ್ನೂ ಕೆಲವು ವಿದ್ಯಾರ್ಥಿಗಳು ಅದೇ ಆಸ್ಪತ್ರೆಗೆ ಬಂದು ಸೇರಿ, ರೋಲಿಂಗ್ ಕ್ವಾಡ್ಸ್ (ಗಾಲಿಯ ಮೇಲೆ ಓಡಾಡುವ, ಕೈಕಾಲು ಸ್ವಾಧೀನವಿಲ್ಲದವರು) ಎಂದು ತಮಗೆ ತಾವೇ ಹೆಸರಿಟ್ಟುಕೊಂಡರು. ನಮ್ಮ ಅಗತ್ಯವೇನೆಂಬುದು ವೈದ್ಯರಿಗಿಂತ ನಮಗೇ ಚೆನ್ನಾಗಿ ಗೊತ್ತು ಎಂಬ ಸರಳವಾದ ಮಾತು ಅಲ್ಲಿಂದ ಹೊರಟು 1972ರಲ್ಲಿ ಬರ್ಕ್ಲಿಯ ಸೆಂಟರ್ ಫಾರ್ ಇಂಡಿಪೆಂಡೆಂಟ್ ಲಿವಿಂಗ್, ಅಂದರೆ ಸ್ವತಂತ್ರ ಬದುಕಿನ ಕೇಂದ್ರ, ಆಯಿತು. ಅಲ್ಲಿ ನಡೆಯುತ್ತಿದ್ದ ಕೆಲಸಗಳನ್ನು ಗಮನಿಸಿ: ಕೆಟ್ಟ ವೀಲ್‌ಚೇರನ್ನು ದುರಸ್ತಿ ಮಾಡುವುದು, ಮೆಟ್ಟಿಲಿಲ್ಲದ ಬಾಡಿಗೆ ಮನೆ ಹುಡುಕಿಕೊಡುವುದು, ಬೆಳಿಗ್ಗೆ ಎಬ್ಬಿಸಿ ಸ್ನಾನ ಮಾಡಿಸಬಲ್ಲ ಸಹಾಯಕರ ಪಟ್ಟಿ ಇಟ್ಟುಕೊಳ್ಳುವುದು, ಹೊಸದಾಗಿ ಗಾಯಗೊಂಡವರ ಜೊತೆ ಅದೇ ದಾರಿಯಲ್ಲಿ ಬಂದ ಹಳಬರು ಕುಳಿತು ಮಾತನಾಡುವುದು. ಚಳವಳಿ ಎಂದ ಕೂಡಲೇ ನಾವು ಭಾಷಣವನ್ನು ನೆನೆಯುತ್ತೇವೆ. ಇದು ಸ್ಪ್ಯಾನರ್ ಹಿಡಿದು ಆರಂಭವಾದ ಚಳವಳಿ. ರಾಬರ್ಟ್ಸ್ ಅವರನ್ನು ದುಡಿಯಲಾರದವರೆಂದಿದ್ದ ಅದೇ ಇಲಾಖೆಗೆ 1975ರಲ್ಲಿ ರಾಜ್ಯಪಾಲರು ಅವರನ್ನೇ ನಿರ್ದೇಶಕರನ್ನಾಗಿ ನೇಮಿಸಿದರು. ಇದಕ್ಕಿಂತ ಸೊಗಸಾದ ಮರ್ಯಾದೆ ನನಗಂತೂ ತಿಳಿದಿಲ್ಲ.

ಸರ್ಕಾರದ ಹಣ ಪಡೆದ ಸಂಸ್ಥೆಗಳು ಅಂಗವಿಕಲರಿಗೆ ತಾರತಮ್ಯ ಮಾಡಬಾರದೆಂದು 1973ರ ಪುನರ್ವಸತಿ ಕಾಯ್ದೆಯ 504ನೆಯ ವಿಧಿ ಹೇಳಿತಾದರೂ, ಅದನ್ನು ಜಾರಿಗೆ ತರುವ ನಿಯಮಗಳಿಗೆ ಸಹಿ ಬೀಳದೆ ವರ್ಷಗಳು ಉರುಳಿದವು. 1977ರ ಏಪ್ರಿಲ್ 5ರಂದು ನೂರಕ್ಕೂ ಹೆಚ್ಚು ಮಂದಿ ಸ್ಯಾನ್ ಫ್ರಾನ್ಸಿಸ್ಕೊದ ಒಕ್ಕೂಟ ಸರ್ಕಾರದ ಕಚೇರಿಯೊಳಗೆ ಹೋಗಿ ಅಲ್ಲಿಯೇ ಕುಳಿತುಬಿಟ್ಟರು. ಮುಂದಾಳುಗಳಲ್ಲಿ ಒಬ್ಬರು ಜೂಡಿ ಹ್ಯೂಮನ್. ಬಾಲ್ಯದಲ್ಲಿ ವೀಲ್‌ಚೇರಿನ ಈ ಮಗು ಬೆಂಕಿ ಅವಘಡವಾದರೆ ಅಪಾಯವೆಂದು ಶಾಲೆಯವರು ಅವರನ್ನು ಬಾಗಿಲಲ್ಲೇ ತಿರುಗಿಸಿ ಕಳುಹಿಸಿದ್ದರು. ನಿತ್ಯ ಸಹಾಯಕರು ಬೇಕಾದವರು, ಹೊತ್ತುಹೊತ್ತಿಗೆ ಮಗ್ಗುಲು ಬದಲಿಸದಿದ್ದರೆ ಮೈ ಹುಣ್ಣಾಗುವವರು ಕಚೇರಿಯ ನೆಲದ ಮೇಲೆ ಮಲಗಿದರು. ಕೆಡಬಾರದ ಔಷಧಿಗಳನ್ನಿಡಲು ಏರ್ ಕಂಡೀಷನರಿಗೆ ಪೆಟ್ಟಿಗೆಯೊಂದನ್ನು ಟೇಪಿನಿಂದ ಅಂಟಿಸಿ ಶೀತಪೆಟ್ಟಿಗೆ ಮಾಡಿಕೊಂಡರು. ದೂರವಾಣಿ ಕಡಿತಗೊಂಡಾಗ ಕಿವುಡರು ಕಿಟಕಿಯಲ್ಲಿ ನಿಂತು ಹೊರಗಿದ್ದವರಿಗೆ ಸನ್ನೆ ಭಾಷೆಯಲ್ಲಿ ಸುದ್ದಿ ಮುಟ್ಟಿಸಿದರು. ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಬಿಸಿ ಊಟ ತಂದುಕೊಟ್ಟರು. ಏಪ್ರಿಲ್ 28ರಂದು ನಿಯಮಗಳಿಗೆ ಸಹಿಯಾಯಿತು. ನಾಳೆ ನಿಮ್ಮ ವಿಶ್ವವಿದ್ಯಾಲಯ ನಿಮಗೆ ಕೊಡಲೇಬೇಕಾದ ಹಲವು ಸೌಲಭ್ಯಗಳ ಬೇರು ಈ ಧರಣಿಯಲ್ಲಿದೆ.

ಬಸ್ಸಿನ ಕಥೆಯೂ ಹೀಗೆಯೇ. 1978ರ ಜುಲೈನಲ್ಲಿ ಡೆನ್ವರ್ ನಗರದಲ್ಲಿ, ವೀಲ್‌ಚೇರಿನವರೂ ಹತ್ತಬಲ್ಲ ಬಸ್ಸು ಬೇಕೆಂದು 19 ಮಂದಿ ಬಸ್ಸುಗಳ ಮುಂದೆಯೂ ಹಿಂದೆಯೂ ವೀಲ್‌ಚೇರ್ ನಿಲ್ಲಿಸಿ ರಾತ್ರಿಯಿಡೀ ರಸ್ತೆಯಲ್ಲೇ ಕಳೆದರು. 1990ರ ಮಾರ್ಚ್‌ನಲ್ಲಿ ವಾಷಿಂಗ್ಟನ್‌ನ ಸಂಸತ್ ಭವನದ ಮೆಟ್ಟಿಲುಗಳನ್ನು ಹಲವರು ಕುರ್ಚಿ ಬಿಟ್ಟಿಳಿದು ತೆವಳಿಕೊಂಡು ಹತ್ತಿದರು. ಅವರಲ್ಲಿ ಎಂಟು ವರ್ಷದ ಹುಡುಗಿಯೂ ಇದ್ದಳು. ಅದೇ ವರ್ಷ ಜುಲೈ 26ರಂದು, ಅಂಗವಿಕಲರ ಮೇಲಿನ ತಾರತಮ್ಯವನ್ನು ನಿಷೇಧಿಸುವ ಅಮೆರಿಕನ್ಸ್ ವಿತ್ ಡಿಸೆಬಿಲಿಟೀಸ್ ಕಾಯ್ದೆಗೆ ಅಧ್ಯಕ್ಷರ ಸಹಿ ಬಿತ್ತು. ಪ್ರತಿ ಜುಲೈನಲ್ಲಿ ಇಲ್ಲಿ ನಡೆಯುವ ಮೆರವಣಿಗೆಗಳಿಗೆ ಹಿನ್ನೆಲೆ ಇದು. ನೀವು ಬಂದ ಮೇಲೆ ಒಮ್ಮೆ ಹೋಗಿ. ನಗು, ಡೋಲು, ಬಣ್ಣ ಬಳಿದ ಊರುಗೋಲುಗಳ ನಡುವೆ ಒಂದು ದಿನ ಕಳೆದರೆ ಮೈ ಹಗುರವಾಗುತ್ತದೆ.

ಇಷ್ಟನ್ನು ಹೇಳಿದ್ದಕ್ಕೆ ಕಾರಣವಿದೆ. ನೀವು ಮೊದಲ ಸಲ ಬಸ್ಸು ಹಿಡಿಯುವಾಗ ಚಾಲಕ ಬಸ್ಸನ್ನು ಒಂದು ಮಗ್ಗುಲಿಗೆ ತಗ್ಗಿಸಿ, ಮಡಿಸಿದ ಹಲಗೆಯನ್ನು ಪಾದಚಾರಿ ಕಟ್ಟೆಯ ಮೇಲೆ ಚಾಚುತ್ತಾರೆ. ಮುಂದಿನ ಸೀಟಿನಲ್ಲಿ ಕುಳಿತವರನ್ನು ಎಬ್ಬಿಸಿ, ಸೀಟನ್ನು ಮೇಲಕ್ಕೆ ಮಡಚಿ, ನಿಮ್ಮ ಕುರ್ಚಿಯ ನಾಲ್ಕು ಮೂಲೆಗೆ ಪಟ್ಟಿ ಬಿಗಿದು, ಎಲ್ಲಿ ಇಳಿಯುತ್ತೀರೆಂದು ಕೇಳುತ್ತಾರೆ. ಅಷ್ಟು ಹೊತ್ತೂ ಇಡೀ ಬಸ್ಸು ಕಾಯುತ್ತದೆ. ಯಾರೂ ಗೊಣಗುವುದಿಲ್ಲ ಎಂದರೆ ಸುಳ್ಳಾದೀತು. ಆಗ ನಮ್ಮ ಕಡೆಯವರಿಗೆ ರೂಢಿಯಾಗಿರುವ ಸಂಕೋಚ ತಲೆ ಎತ್ತುತ್ತದೆ. ನನ್ನಿಂದ ಎಲ್ಲರಿಗೂ ತೊಂದರೆಯಾಯಿತಲ್ಲ ಎಂದು ಕ್ಷಮೆ ಕೇಳಬೇಕೆನ್ನಿಸುತ್ತದೆ. ಕೇಳಬೇಡಿ. ಆ ಹಲಗೆ ಯಾರದೋ ಔದಾರ್ಯದಿಂದ ಬಂದದ್ದಲ್ಲ, ಕೇಳಿ ಪಡೆದದ್ದು. ಚಾಲಕರಿಗೆ ಒಂದು ವಂದನೆ ಹೇಳಿದರೆ ಸಾಕು.

ಇನ್ನು ಒಬ್ಬರೇ ಬದುಕುವ ವಿಷಯ. ಖಂಡಿತ ಸಾಧ್ಯ, ಆದರೆ ಎಲ್ಲವನ್ನೂ ನಿಮ್ಮ ಕೈಯಿಂದಲೇ ಮಾಡಿಕೊಳ್ಳಬೇಕೆಂದು ಹಟ ಹಿಡಿದರೆ ಆಗದು. ಬಟ್ಟೆ ತೊಡಲು ಎರಡು ಗಂಟೆ ಹೆಣಗಾಡಿ ಸುಸ್ತಾಗಿ ತರಗತಿ ತಪ್ಪಿಸಿಕೊಳ್ಳುವವರಿಗಿಂತ, ಸಹಾಯಕಿಯ ನೆರವಿನಿಂದ ಹದಿನೈದು ನಿಮಿಷದಲ್ಲಿ ಬಟ್ಟೆ ತೊಟ್ಟು ಹೊರಡುವವರೇ ಹೆಚ್ಚು ಸ್ವತಂತ್ರರು ಎಂಬುದು ಇಲ್ಲಿಯ ಹಳಬರ ವಾದ. ಯಾವಾಗ ಏಳಬೇಕು, ಏನು ಉಡಬೇಕು, ಯಾರು ಮುಟ್ಟಬೇಕು, ಯಾರನ್ನು ಬಿಡಿಸಬೇಕು ಎಂಬುದನ್ನು ನೀವು ನಿರ್ಧರಿಸುತ್ತೀರಿ. ಸಹಾಯಕಿಯನ್ನು ಸಂದರ್ಶನ ಮಾಡುವುದು, ನಿಮ್ಮನ್ನು ಹಾಸಿಗೆಯಿಂದ ಕುರ್ಚಿಗೆ ಎತ್ತುವಾಗ ಯಾವ ಕಾಲನ್ನು ಮೊದಲು ಸರಿಸಬೇಕೆಂದು ಕಲಿಸುವುದು, ಆಕೆ ಬಾರದ ದಿನಕ್ಕೆ ಇನ್ನೊಬ್ಬರ ಹೆಸರು ಇಟ್ಟುಕೊಂಡಿರುವುದು, ಎಲ್ಲವೂ ನಿಮ್ಮ ಕೆಲಸವೇ. ಇದು ಕಷ್ಟದ ವಿದ್ಯೆ. ತನಗಿಂತ ಹಿರಿಯ ಹೆಂಗಸಿಗೆ ಹೀಗಲ್ಲ, ಹೀಗೆ ಎಂದು ಹೇಳಲು ನಮ್ಮ ನಾಲಿಗೆ ಬೇಗ ತಿರುಗುವುದಿಲ್ಲ. ಅದನ್ನು ಕಲಿಸುವವರು ಇಂಡಿಪೆಂಡೆಂಟ್ ಲಿವಿಂಗ್ ಕೇಂದ್ರಗಳಲ್ಲಿದ್ದಾರೆ. ಒಕ್ಕೂಟ ಸರ್ಕಾರದ ಅನುದಾನ ಪಡೆಯುವ ಇಂಥ ಕೇಂದ್ರಗಳ ಆಡಳಿತ ಮಂಡಳಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಂಗವಿಕಲರೇ ಆಗಿರಬೇಕೆಂದು ಕಾನೂನಿದೆ. ಬರ್ಕ್ಲಿಯ ಆಶ್ಬಿ ರೈಲು ನಿಲ್ದಾಣದ ಪಕ್ಕದಲ್ಲೇ 2010ರಲ್ಲಿ ತೆರೆದ ಎಡ್ ರಾಬರ್ಟ್ಸ್ ಕ್ಯಾಂಪಸ್ ಇದೆ. ಒಳಗೆ ಸುರುಳಿಯಾಗಿ ಮೇಲೇರುವ ಕೆಂಪು ರ‍್ಯಾಂಪ್ ಇದೆ. ಕಟ್ಟಡದ ಹಿಂಬಾಗಿಲಲ್ಲಿ ಕಸದ ಡಬ್ಬಿಗಳ ಪಕ್ಕದ ಇಳಿಜಾರಿನಲ್ಲಿ ಒಳಹೋಗಿ ಅಭ್ಯಾಸವಾದ ನಮ್ಮಂಥವರಿಗೆ, ಎಲ್ಲರ ಕಣ್ಣಿಗೆ ಬೀಳುವಂತೆ ನಟ್ಟನಡುವೆ ಏರುವ ಆ ದಾರಿಯಲ್ಲಿ ಕುರ್ಚಿ ಓಡಿಸುವುದೇ ಒಂದು ಸುಖ.

ಅಮ್ಮನ ವಿಷಯಕ್ಕೆ ಬರುತ್ತೇನೆ. ವಿದ್ಯಾರ್ಥಿ ವೀಸಾದಲ್ಲಿ ಅವಲಂಬಿತರೆಂದು ಸಂಗಾತಿಯನ್ನೂ ಮಕ್ಕಳನ್ನೂ ಕರೆತರಬಹುದು, ತಾಯಿಯನ್ನಲ್ಲ. ಸಂದರ್ಶಕ ವೀಸಾದಲ್ಲಿ ಬಂದರೆ ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳು ಇರಬಹುದು. ಮೊದಲ ಕೆಲವು ವಾರಗಳಿಗೆ ಅವರು ಬರಲಿ ಎನ್ನುತ್ತೇನೆ. ಅವರ ಮೇಲೆಯೇ ಇಡೀ ಓದನ್ನು ನಿಲ್ಲಿಸಿದರೆ ಮಾತ್ರ, ಅವರ ಸೊಂಟ ಹಿಡಿದುಕೊಂಡ ದಿನ ನಿಮ್ಮ ಪರೀಕ್ಷೆಯೂ ನಿಲ್ಲುತ್ತದೆ. ಅವರು ಮಲಗುವ ಹೊತ್ತೇ ನಿಮ್ಮ ರಾತ್ರಿಯಾಗುತ್ತದೆ. ಭಾಷೆ ತಿಳಿಯದ ಊರಿನಲ್ಲಿ ಒಂಟಿಯಾಗುವವರು ಅವರೇ ಎಂಬುದೂ ನೆನಪಿರಲಿ. ತಾಯಿಯನ್ನು ತಾಯಿಯಾಗಿ ಉಳಿಸಿಕೊಳ್ಳಬೇಕಾದರೆ ಬೆಳಗಿನ ಕೆಲಸಕ್ಕೆ ಸಂಬಳದವರು ಇರಬೇಕು.

ಆ ಸಂಬಳ ಯಾರು ಕೊಡಬೇಕು? ನೆಂಟರ ಮಾತು ಸುಳ್ಳಾಗುವುದು ಇಲ್ಲಿಯೇ. ಕ್ಯಾಲಿಫೋರ್ನಿಯಾದಲ್ಲಿ ಕಡಿಮೆ ಆದಾಯದ ಅಂಗವಿಕಲರು ತಾವೇ ಸಹಾಯಕರನ್ನು ಆರಿಸಿಕೊಂಡು, ಸಂಬಳವನ್ನು ಸರ್ಕಾರದಿಂದ ಕೊಡಿಸುವ ವ್ಯವಸ್ಥೆ ಇದೆ. ಆದರೆ ವಿದ್ಯಾರ್ಥಿ ವೀಸಾದಲ್ಲಿ ಬಂದವರು ಅದನ್ನು ನಂಬಿಕೊಂಡು ವಿಮಾನ ಹತ್ತಬಾರದು. ವಿಶ್ವವಿದ್ಯಾಲಯವೂ ಇದನ್ನು ಕೊಡುವುದಿಲ್ಲ. ಸುಗಮವಾದ ಕೋಣೆಯನ್ನು ಇತರರಿಗೆ ಇರುವ ಬಾಡಿಗೆಗೇ ಕೊಡುವುದು, ಮೆಟ್ಟಿಲ ಮೇಲಿನ ತರಗತಿಯನ್ನು ನಿಮಗಾಗಿ ಬೇರೆಡೆಗೆ ಸಾಗಿಸುವುದು, ಪರೀಕ್ಷೆಗೆ ಹೆಚ್ಚು ಸಮಯ ಕೊಡುವುದು ಅವರ ಹೊಣೆ; ಸ್ನಾನ, ಊಟಕ್ಕೆ ನೆರವಾಗುವ ವೈಯಕ್ತಿಕ ಸಹಾಯಕರನ್ನು ಒದಗಿಸುವ ಹೊಣೆಯನ್ನು ಕಾನೂನು ಅವರ ಮೇಲೆ ಹೊರಿಸಿಲ್ಲ. ಆದ್ದರಿಂದ ವರ್ಷದ ಖರ್ಚಿನ ಲೆಕ್ಕದಲ್ಲಿ ಶುಲ್ಕ, ಬಾಡಿಗೆಗಳ ಪಕ್ಕದಲ್ಲೇ ಸಹಾಯಕಿಯ ಗಂಟೆಗಳನ್ನು ಬರೆದುಕೊಳ್ಳಿ. ಗಂಟೆಗೆ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುವಂತಿಲ್ಲ, ಕೊಡಲೂಬಾರದು. ಈ ಕೆಲಸ ಮಾಡುವವರಲ್ಲಿ ಬಹಳಷ್ಟು ಮಂದಿ ನಮ್ಮಂತೆಯೇ ಹೊರನಾಡಿನಿಂದ ಬಂದ ಹೆಂಗಸರು, ಅವರ ದುಡಿಮೆಗೆ ಈ ದೇಶ ಇನ್ನೂ ತಕ್ಕ ಬೆಲೆ ಕೊಟ್ಟಿಲ್ಲ. ಚಳವಳಿ ಮುಗಿಸದೆ ಬಿಟ್ಟ ಕೆಲಸಗಳಲ್ಲಿ ಇದೊಂದು. ನರ್ಸಿಂಗ್ ಹೋಮಿನ ಖರ್ಚನ್ನು ಕಡಿಮೆ ಆದಾಯದವರಿಗಾಗಿ ಇರುವ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇಡ್ ಯೋಜನೆ ಎಲ್ಲ ರಾಜ್ಯಗಳಲ್ಲೂ ಭರಿಸಲೇಬೇಕು, ಮನೆಯಲ್ಲೇ ನೆರವು ಪಡೆಯಲು ಮಾತ್ರ ಹಲವು ರಾಜ್ಯಗಳಲ್ಲಿ ಸರದಿ ಕಾಯಬೇಕು ಎಂಬುದು ಇನ್ನೊಂದು. ಅನಗತ್ಯವಾಗಿ ಸಂಸ್ಥೆಗಳಲ್ಲಿ ಕೂಡಿಡುವುದು ತಾರತಮ್ಯವೆಂದು 1999ರಲ್ಲೇ ಓಮ್‌ಸ್ಟೆಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೂ ಸ್ಥಿತಿ ಹೀಗಿದೆ.

1990ರ ಆ ಕಾನೂನು ತಲುಪದ ಎರಡು ಜಾಗಗಳನ್ನೂ ಹೇಳಿಬಿಡಬೇಕು. ಖಾಸಗಿ ಮನೆಗಳಿಗೆ ಅದು ಅನ್ವಯಿಸುವುದಿಲ್ಲ, ಧಾರ್ಮಿಕ ಸಂಸ್ಥೆಗಳಿಗೂ ವಿನಾಯಿತಿಯಿದೆ. ಹೀಗಾಗಿ ಬ್ಯಾಂಕು, ಗ್ರಂಥಾಲಯ, ಚಿತ್ರಮಂದಿರಗಳಲ್ಲಿ ನಿರಾತಂಕವಾಗಿ ಓಡಾಡುವ ನೀವು, ಹಬ್ಬಕ್ಕೆ ಕರೆದ ಕನ್ನಡಿಗರ ಮನೆಯ ಬಾಗಿಲಲ್ಲಿ ಎರಡು ಮೆಟ್ಟಿಲ ಮುಂದೆ ನಿಲ್ಲುತ್ತೀರಿ. ನಾಲ್ವರು ಸೇರಿ ಎತ್ತಿಬಿಡೋಣ ಎನ್ನುತ್ತಾರೆ, ಪ್ರೀತಿಯಿಂದಲೇ. ಮಡಚುವ ಒಂದು ರ‍್ಯಾಂಪ್ ತರಿಸಿಡಿ ಎಂದು ನಾನು ನಗುತ್ತಲೇ ಹೇಳುತ್ತಾ ಬಂದಿದ್ದೇನೆ. ಈಗ ಕೆಲವರ ಗ್ಯಾರೇಜಿನಲ್ಲಿ ಅದು ಇದೆ.

ಹೊರಡುವ ಮುನ್ನ ಮಾಡಬೇಕಾದವು ಕೆಲವಿವೆ. ವಿಶ್ವವಿದ್ಯಾಲಯದ ಅಂಗವಿಕಲ ವಿದ್ಯಾರ್ಥಿಗಳ ಕಚೇರಿಗೆ ಈಗಲೇ ಬರೆಯಿರಿ. ನೀವಾಗಿ ಕೇಳದೆ ಇಲ್ಲಿ ಯಾರೂ ಏನನ್ನೂ ಹೊಂದಿಸುವುದಿಲ್ಲ. ನಿಮ್ಮ ಕುರ್ಚಿ ಬ್ಯಾಟರಿಯದಾದರೆ ಚಾರ್ಜರ್ 120 ವೋಲ್ಟಿಗೆ ಹೊಂದುತ್ತದೆಯೇ ನೋಡಿಕೊಳ್ಳಿ, ಬ್ಯಾಟರಿಯ ಬಗೆಯನ್ನು ವಿಮಾನ ಸಂಸ್ಥೆಗೆ ಮೊದಲೇ ತಿಳಿಸಿ, ವಿಮಾನದ ಬಾಗಿಲವರೆಗೂ ಸ್ವಂತ ಕುರ್ಚಿಯಲ್ಲೇ ಬರುತ್ತೇನೆಂದು ಹೇಳಿ. ಬೆಳಿಗ್ಗೆ ಏಳುವುದರಿಂದ ರಾತ್ರಿ ಮಲಗುವವರೆಗೆ ಯಾವ ಯಾವ ಹೊತ್ತಿನಲ್ಲಿ ಎಷ್ಟು ನಿಮಿಷದ ನೆರವು ಬೇಕೆಂದು, ಅಮ್ಮ ತಮಗೇ ತಿಳಿಯದಂತೆ ಮಾಡಿಬಿಡುವ ಸಣ್ಣ ಕೆಲಸಗಳನ್ನೂ ಸೇರಿಸಿ, ಒಂದು ವಾರ ಬರೆದಿಡಿ. ಆ ಪಟ್ಟಿಯನ್ನು ನನಗೆ ಕಳುಹಿಸಿದರೆ, ಎಷ್ಟು ಗಂಟೆಯ ಸಹಾಯಕಿ ಬೇಕು, ಜಾಹೀರಾತಿನಲ್ಲಿ ಏನು ಬರೆಯಬೇಕು ಎಂಬುದನ್ನು ಇಬ್ಬರೂ ಕುಳಿತು ತೀರ್ಮಾನಿಸೋಣ.